ಐನೂರು ಪದಗಳ ಮಿತಿ

ಹಂಪನಕಟ್ಟೆಯ ಈ ಮಾಳಿಗೆಯಲ್ಲಿ
ಹದಿನಾರು ವರ್ಷದಿಂದ ಟೈಪು ಮಾಡುತ್ತೇನೆ:
ಬಾಡಿಗೆ ಕರಾರು, ಸಂಘದ ಲೆಕ್ಕ, ಬೊಜ್ಜದ ಕಾಗದ.
ಮೇ ಕಳೆದರೆ
ಡಾಕ್ಟರಾಗಲು ಹೊರಟ ಮಕ್ಕಳ ಹೊರದೇಶದ ಅರ್ಜಿ.

“ನೀವು ವೈದ್ಯರಾಗಬಯಸುವುದೇಕೆ?
ಐನೂರು ಪದಗಳಲ್ಲಿ ವಿವರಿಸಿ.”
ಈ ಪ್ರಶ್ನೆಗೆ ನನ್ನ ಬೆರಳಡಿಯಲ್ಲಿ
ಎಷ್ಟೋ ಅಜ್ಜಿಯಂದಿರು ಸತ್ತಿದ್ದಾರೆ.
ಕಳೆದ ವರ್ಷ ನಲವತ್ತೊಂದು.
ಎದೆ ನಿಂತು, ಸಕ್ಕರೆ ಏರಿ, ಆಂಬುಲೆನ್ಸ್ ತಡವಾಗಿ,
ಒಬ್ಬಳು ನೇತ್ರಾವತಿ ಸೇತುವೆಯ ಮೇಲೆ, ಟ್ರಾಫಿಕ್ಕಿನಲ್ಲಿ.
ಎಲ್ಲರೂ ಮೊಮ್ಮಗುವಿನ ಕೈ ಹಿಡಿದು
ಒಂದೇ ಮಾತು ಹೇಳಿ ಹೋದವರು.
ಆ ಮಾತನ್ನು ನಾನು ನೋಡದೆ ಟೈಪು ಮಾಡಬಲ್ಲೆ.

ಮಂಗಳವಾರ ಬಂದಳು ದಿವಿಜಾ ಕುಂದರ್, ಬೆಂಗ್ರೆಯವಳು.
ಜಾರ್ಜಿಯಾದ ಬಟುಮಿಗೆ ಅರ್ಜಿ.
ಹಿಂದಿನ ಬೆಂಚಿನಲ್ಲಿ ಅಜ್ಜಿ ಗುಲಾಬಿ,
ಫೈಲನ್ನು ಕೂಸಿನಂತೆ ಮಡಿಲಲ್ಲಿ ಮಲಗಿಸಿಕೊಂಡು.

ಪಾಸ್‌ಪೋರ್ಟಿನಲ್ಲಿ ದಿವಿಜಾ ಜಿ., ಅಂಕಪಟ್ಟಿಯಲ್ಲಿ ದಿವಿಜಾ ಕುಂದರ್;
ಮೊದಲು ಸ್ಟಾಂಪ್ ಪೇಪರಿನಲ್ಲಿ
ಇಬ್ಬರೂ ಒಬ್ಬಳೇ ಎಂದು ಪ್ರಮಾಣ ಮಾಡಿಸಿದೆವು.
ನೋಟರಿ ಭಟ್ಟರು ಕನ್ನಡಕದ ಮೇಲಿಂದ ನೋಡಿ
ಹೌದೌದು, ಒಬ್ಬಳೇ, ಎಂದು ಮೊಹರು ಒತ್ತಿದರು.

ಆಮೇಲೆ ಆ ಪ್ರಶ್ನೆ.
ಏಜೆಂಟು ಇಂಗ್ಲಿಷಿನಲ್ಲಿ ಹೇಳಿಕೊಟ್ಟದ್ದನ್ನು
ಹುಡುಗಿ ತಗ್ಗಿದ ದನಿಯಲ್ಲಿ ಶುರುಮಾಡಿದಳು:
ನಾನು ಹತ್ತನೆಯಲ್ಲಿದ್ದಾಗ ನನ್ನ ಅಜ್ಜಿ…
ಬೆಂಚು ಕಿರುಗುಟ್ಟಿತು.
ಗುಲಾಬಿಗೆ ಇಂಗ್ಲಿಷ್ ಬರುವುದಿಲ್ಲ.
ಆದರೆ ‘ಗ್ರ್ಯಾಂಡ್‌ಮದರ್’ ಗೊತ್ತು, ‘ಎಕ್ಸ್‌ಪಯರ್ಡ್’ ಗೊತ್ತು.
ರೇಷನ್ ಅಂಗಡಿಯ ಮೆಷಿನ್ನಿಗೆ ಹೆಬ್ಬೆಟ್ಟು ಕೂಡದ ತಿಂಗಳು
ಅದೇ ಶಬ್ದದಿಂದ ಅವಳ ಅಕ್ಕಿ ನಿಂತಿತ್ತು.
“ಯಾನ್ ಸೈತಿಜಿ ಮಾರಾಯ್ತಿ,” ಅಂದಳು.
“ಈಗ ದೋಣಿಯಲ್ಲಿ ಬಂದದ್ದು ಮತ್ತೆ ಯಾರು?
ಟಿಕೆಟು ಉಂಟು, ನೋಡಿ.”

ಮೂವರೂ ನಕ್ಕೆವು. ಮತ್ತೆ ಸುಮ್ಮನಾದೆವು.
ಖಾಲಿ ಹಾಳೆಯಲ್ಲಿ ಕರ್ಸರು ಕಣ್ಣು ಮಿಟುಕಿಸುತ್ತಿತ್ತು.
ನಿಜವಾದದ್ದು ಹೇಳು, ಎಂದೆ. ಯಾಕೆ ಹೇಳಿದೆನೋ,
ನನ್ನ ದರಪಟ್ಟಿಯಲ್ಲಿ ಅದಕ್ಕೆ ಸಾಲಿಲ್ಲ.

ಹುಡುಗಿ ಉಗುರು ಕಚ್ಚಿದಳು.
“ಮೀನು ಸೀಳುವಾಗ ಪಿತ್ತ ಒಡೆಯಬಾರದು,
ಒಡೆದರೆ ಇಡೀ ಮೀನು ಕಹಿ.
ಅಜ್ಜಿ ನೋಡುವುದೇ ಇಲ್ಲ.
ಆಚೆಮನೆಯವರ ಹತ್ತಿರ ಜಗಳ ಮಾಡುತ್ತಲೇ
ಎರಡು ಬೆರಳಲ್ಲಿ ಇಡಿಯಾಗಿ ಎತ್ತಿ ಇಡುತ್ತಾಳೆ,
ಹಸಿರು ಹನಿ.
ಪುಸ್ತಕದಲ್ಲಿ ಚಿತ್ರ ನೋಡಿದ್ದು ಆಮೇಲೆ.
ನಮ್ಮೊಳಗೂ ಅದು ಅಲ್ಲೇ ಉಂಟಂತೆ, ಲಿವರಿನ ಅಡಿಯಲ್ಲಿ.
ನನಗೆ ಬೆರಳಿಟ್ಟು ನೋಡಬೇಕು.
ಅಷ್ಟೇ.”

ಅಷ್ಟನ್ನೇ ಇಂಗ್ಲಿಷಿಗೆ ತಂದೆ. ನೂರ ಹನ್ನೆರಡು ಪದ.
ಏಜೆಂಟು ಒಪ್ಪಲಿಕ್ಕಿಲ್ಲ, ಎಂದಳು.
ಒಪ್ಪಲಿಕ್ಕಿಲ್ಲ, ಎಂದೆ.
“ಅಲ್ಲಿಯ ಕಪ್ಪು ಸಮುದ್ರದಲ್ಲಿ ಬೂತಾಯಿ ಸಿಗ್ತದಾ?”
ಅಜ್ಜಿ ನನ್ನನ್ನೇ ಕೇಳಿದಳು,
ಫಾರಮಿನಲ್ಲಿ ಎಲ್ಲೋ ಬರೆದಿರಬೇಕು ಎಂಬಂತೆ.
ಸೆರಗಿನ ಗಂಟು ಬಿಚ್ಚಿ ಕೊಟ್ಟ ನೋಟಿಗೆ
ಇನ್ನೂ ಐಸಿನ ತೇವ.

ಮರುದಿನ ಬಜಪೆಯ ಹುಡುಗನೊಬ್ಬ. ಕಜಕಿಸ್ತಾನದ ಫಾರಂ.
ಚೀಟಿ ನೋಡಿಕೊಂಡು ಓದಿದ:
ನನ್ನ ಅಜ್ಜಿ ತೀರಿಕೊಂಡ ದಿನ…
ಬೆರಳು ತಾನಾಗಿ ಓಡಿತು. ತಡೆದೆ.
ನಿಜಕ್ಕೂ ತೀರಿಕೊಂಡರಾ, ಎಂದೆ.
ಹದಿನಾರು ವರ್ಷದಲ್ಲಿ ಯಾರನ್ನೂ ಕೇಳದ್ದು;
ತುಸು ನಗುತ್ತಲೇ ಕೇಳಿದೆ.

“ಶುಕ್ರವಾರ,” ಎಂದ.

ಅಂಕಪಟ್ಟಿಗಳ ನಡುವೆ ಮಡಿಸಿದ ಆಸ್ಪತ್ರೆಯ ಬಿಲ್ಲು.
ಟೈಪಾದದ್ದನ್ನು ಅಳಿಸಿದೆ.
ಮತ್ತೆ ಮೊದಲಿಂದ,
ಒಂದೊಂದೇ ಅಕ್ಷರ ನೋಡಿ
ಒತ್ತಿದೆ.